ಏಳನೇ ಮೇಜಿನ ಭೂಗೋಳ

…ಒಂದೇ ಒಂದು ರುಜು ಕಣೆ, ಇನ್ನೇನಿಲ್ಲ. ಬರೆಯೋದನ್ನೆಲ್ಲಾ ನಾನೇ ಬರೆದು ತಂದಿದೀನಿ. 'ಗೋಳ ಅಂಟಿಸುವಾಗ ನನ್ನ ಕೈಯಿಂದ ತಪ್ಪಾಯಿತು, ಮನ್ನಿಸಬೇಕು.' ಇಷ್ಟು ಕೊಟ್ರೆ ಸೋಮವಾರದಿಂದ ಮತ್ತೆ ಕೆಲಸಕ್ಕೆ ಬರಲಿ ಅಂದಿದಾನೆ ಯಜಮಾನ. ಹತ್ತೊಂಬತ್ತು ವರ್ಷ ಪಕ್ಕಪಕ್ಕ ಕೂತು ಪ್ರಪಂಚ ಅಂಟಿಸಿದೀವಿ, ನಾನು ಆರನೇ ಮೇಜು, ನೀನು ಏಳನೇ ಮೇಜು. ನಿನಗೋಸ್ಕರ ಇಷ್ಟೂ ಮಾಡಲ್ವಾ ನಾನು?

ಚೀಲ ಯಾಕೆ ನೋಡ್ತೀಯ? ನಿಂದೇ ಸಾಮಾನು. ಬ್ರಷ್ಷು, ಏಪ್ರನ್ನು, ಕಾಗದ ಉಜ್ಜೋ ಪಟ್ಟಿ, ಕನ್ನಡಕ. ಸೋಮವಾರ ಬರೋದಾದ್ರೆ ಇದನ್ನೆಲ್ಲಾ ಯಾಕೆ ಹೊತ್ಕೊಂಡು ಬಂದೆ ಅಂತಾನಾ… ಅಲ್ಲಿ ಧೂಳು ಕಣೆ. ಬರೀ ಧೂಳು. ಅದಕ್ಕೆ ತಂದೆ.

ನಾವು ಓದಿದ್ದೆಷ್ಟು, ನಾಲ್ಕನೇ ಕ್ಲಾಸು. ಆದ್ರೂ ಭೂಗೋಳ ನಮ್ಮಷ್ಟು ಯಾರಿಗೆ ಗೊತ್ತು ಹೇಳು. ಬೋಳು ಚೆಂಡಿನ ಮೇಲೆ ನಕ್ಷೆ ಕಾಗದದ ಹನ್ನೆರಡು ಪಟ್ಟಿ, ನೆತ್ತಿಗೊಂದು ಟೋಪಿ, ಬುಡಕ್ಕೊಂದು ಟೋಪಿ, ಮುಗೀತು ಪ್ರಪಂಚ. ಅದೂ ಈ ಸಲದ್ದು ಜನಸಂಖ್ಯೆ ಗೋಳ. ಜನ ಕಿಕ್ಕಿರಿದಲ್ಲಿ ಕಡುಕೆಂಪು, ಕಮ್ಮಿ ಇದ್ದಲ್ಲಿ ತಿಳಿಗುಲಾಬಿ, ಯಾರೂ ಇಲ್ದಲ್ಲಿ ಬಿಳಿ. ಮೊದಲನೇದು ಒಣಗಿದಾಗ ನೀನು ಎರಡೂ ಅಂಗೈ ಅಗಲಿಸಿ ಒಂದೇ ಕಡೆ ಇಟ್ಟು, 'ನೋಡೇ, ಅರ್ಧ ಮನುಕುಲ ನನ್ನ ಕೈಯೊಳಗಿದೆ' ಅಂದಿದ್ದೆ. ಎಷ್ಟು ನಕ್ಕಿದ್ವಿ ಆವತ್ತು. ನಿಜಾನೇ ಅದು. ಮರಳುಗಾಡಿಗೆ ಯಾರೂ ಹೋಗಲ್ಲ, ಹಿಮಕ್ಕೆ ಯಾರೂ ಹೋಗಲ್ಲ. ನದಿ ಸಮುದ್ರ ಸೇರೋ ಕಡೆ ಮಾತ್ರ ಕಾಲಿಡೋಕೆ ಜಾಗ ಇಲ್ಲ. ಸಿಹಿನೀರು ಎಲ್ಲಿದ್ಯೋ, ಹೊಟ್ಟೆಗೆ ಎಲ್ಲಿ ಸಿಗತ್ತೋ, ಅಲ್ಲೇ ಎಲ್ಲರದ್ದೂ ನೂಕುನುಗ್ಗಲು. ಒಬ್ಬರ ಕಾಲ ಮೇಲೆ ಒಬ್ಬರು. ಆಮೇಲೆ ನನ್ನ ಕಾಲು ತುಳಿದೆ ಅಂತ ಜಗಳ.

ಕೇಳಿಸ್ಕೊತಿದೀಯಾ?

ನಮ್ಮ ಗೋಳ ತರಿಸ್ಕೊಂಡ ಆ ಶಾಲೆ ಮೇಷ್ಟ್ರಿಗೆ ಬೇರೆ ಕೆಲಸ ಇರ್ಲಿಲ್ವಾ ಅಂತ. ಒದ್ದೆ ಕಾಗದ ಹಿಗ್ಗತ್ತೆ, ಅದು ಅದರ ಗುಣ. ಪಟ್ಟಿಗೊಂದು ಕೂದಲೆಳೆ ಹಿಗ್ಗಿದ್ರೂ ಹನ್ನೆರಡನೇದಕ್ಕೆ ಬರೋ ಹೊತ್ತಿಗೆ ಬೆರಳಗಲ ಒಂದರ ಮೇಲೊಂದು ಕೂರತ್ತೆ. ಅದಕ್ಕೇ ತಾನೇ ಜನ ಇರೋ ಕಡೆಯಿಂದ ಶುರು ಮಾಡಿ ದೊಡ್ಡ ಸಮುದ್ರದಲ್ಲಿ ಮುಗಿಸೋದು? ಹೆಚ್ಚುಕಮ್ಮಿ ಏನಿದ್ರೂ ನೀರಿನ ಮೇಲೆ ಬೀಳ್ಲಿ, ಅಲ್ಲಿ ಕೇಳೋರಿಲ್ಲ. ಆ ಶಾಲೆಗೆ ಹೋದ ಐದು ಗೋಳ ಮಾತ್ರ ಉಲ್ಟಾ ಆಯ್ತು. ಸಮುದ್ರದಿಂದ ಶುರುವಾಗಿ ಜನದ ಮೇಲೆ ಮುಗೀತು. ಒಂದು ಕಡುಕೆಂಪು ಕರಾವಳಿ ಪೂರ್ತಿ ಕಾಗದದಡಿಗೆ ಹೋಯ್ತು. 'ಇಲ್ಲಿದ್ದ ಕೋಟಿಗಟ್ಟಲೆ ಜನ ಎಲ್ಲಿ ಹೋದರು' ಅಂತ ಮೇಷ್ಟ್ರು ಯಜಮಾನನಿಗೆ ಪತ್ರ ಬರೆದ. ಹೋದ್ರೆ ಹೋದ್ರು. ದಿನಾ ಎಷ್ಟು ಜನ ಹೋಗ್ತಾರೆ, ಯಾರು ಪತ್ರ ಬರೀತಾರೆ?

ಯಾಕೆ ನಗ್ತೀಯ? … ಅಲ್ವಾ, ನಗು ಅಲ್ವಾ ಅದು.

ನೋಡು, ಬಿಚ್ಚಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಮ್ಮನೆ ನಿಂಗೆ ಗೊತ್ತಲ್ಲ. ಎರಡು ಕೋಣೆ, ಒಂಬತ್ತು ಜನ. ಒಬ್ಬರು ಮಗ್ಗುಲು ಬದಲಿಸಿದ್ರೆ ಒಂಬತ್ತೂ ಜನಕ್ಕೆ ಎಚ್ಚರ. ಅಷ್ಟೂ ಹೊಟ್ಟೆ ನನ್ನ ಕೈ ನೋಡ್ಕೊಂಡಿದಾವೆ. ನಿಂದು… ಒಂಟಿ ಜೀವ. ಒಂದು ತಟ್ಟೆ, ಒಂದು ಲೋಟ. ಇಲ್ಲಿ ಏನು ಬಿದ್ರೂ ಯಾರ ಮೇಲೂ ಬೀಳಲ್ಲ. ಹೌದು, ನಿನ್ನ ಮೇಲೆ ಬೀಳತ್ತೆ. ನಿನ್ನನ್ನ ಲೆಕ್ಕಕ್ಕೇ ತಗೊಂಡಿಲ್ಲ ಅಂತಲ್ಲ ನಾನು ಹೇಳಿದ್ದು… ಥೂ, ಬಾಯಿಗೆ ಬಂದಿದ್ದೆಲ್ಲಾ ತಪ್ಪಾಗ್ತಿದೆ ಇವತ್ತು.

ಆವತ್ತು ಏನಾಯ್ತು ಅನ್ನೋದು ನಿಂಗೂ ಗೊತ್ತು, ನಂಗೂ ಗೊತ್ತು. ನನ್ನ ಮಗಳಿಗೆ ನೋವು ಶುರುವಾಯ್ತು ಅಂತ ಸುದ್ದಿ ಬಂದಾಗ ನನ್ನ ಬದಲು ನೀನು ಹೋಗು ಅಂತ ನಾನೇ ನಿನ್ನ ಕೈ ಹಿಡ್ಕೊಂಡೆ, ಇಲ್ಲ ಅನ್ನಲ್ಲ. ನಂಗಾಗಲೇ ಯಜಮಾನ ಎರಡು ಸಲ ಎಚ್ಚರಿಕೆ ಕೊಟ್ಟಿದ್ದ, ಇನ್ನೊಂದು ಸಲ ಮೇಜು ಬಿಟ್ಟೆದ್ರೆ ಮನೆಗೇ ಅಂತ. ನೀನು ಮರುಮಾತಾಡದೆ ಹಿಂದಿನ ಬಾಗಿಲಿಂದ ಆಸ್ಪತ್ರೆಗೆ ಹೋದೆ. ನಿನ್ನ ಮೇಜು ಖಾಲಿ ಕಂಡ್ರೆ ನಿಂಗೇ ತೊಂದ್ರೆ ಅಂತ ನಾನು ಎರಡೂ ಕಡೆ ಕೂತೆ. ಇಲ್ಲೊಂದು ಪಟ್ಟಿ, ಅಲ್ಲೊಂದು ಪಟ್ಟಿ, ತಲೆಯೆಲ್ಲಾ ಹೆರಿಗೆ ಕೋಣೆಲಿ. ನಿನ್ನ ಮೇಜಿನ ಪಟ್ಟಿ ಕಟ್ಟು ಬೋರಲಾಗಿತ್ತು, ಕೊನೇ ಪಟ್ಟಿ ಮೊದಲು ಕೈಗೆ ಬಂತು. ನೋಡ್ಲಿಲ್ಲ. ಹತ್ತೊಂಬತ್ತು ವರ್ಷದ ಕೈ, ಅದಕ್ಕೇ ಕಣ್ಣಿದೆ ಅಂದ್ಕೊಂಡಿದ್ದೆ.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತೀಯ. ಅನ್ನು, ಅನ್ನಿಸ್ಕೊತೀನಿ. ಆದ್ರೆ ಯಜಮಾನ ಕರೆಸಿದಾಗ 'ನಾನು ಅಲ್ಲಿರಲೇ ಇಲ್ಲ, ಆಸ್ಪತ್ರೆಲಿದ್ದೆ' ಅಂತ ಒಂದು ಮಾತು ಹೇಳ್ಬಹುದಿತ್ತು ನೀನು. ಹೇಳ್ಲಿಲ್ಲ. ತಲೆ ತಗ್ಗಿಸ್ಕೊಂಡು ಎದ್ದು ಬಂದೆ. ಯಾಕೆ ಹೇಳ್ಲಿಲ್ಲ? ಯಾರು ನಿನ್ನ ಬಾಯಿ ಕಟ್ಟಿದ್ರು? ನನಗೆ ಉಪಕಾರ ಮಾಡು ಅಂತ ನಾನು ಬಂದು ಬೇಡಿದ್ನಾ? … ಹಾಂ, ಒಂದು ಸಲ ಬೇಡಿದ್ದೆ. ಎರಡನೇ ಸಲ ಬೇಡಿರ್ಲಿಲ್ಲ.

ಕೂಸು ಚೆನ್ನಾಗಿದೆ. ನೀನು ಕೇಳ್ಲಿಲ್ಲ, ನಾನೇ ಹೇಳ್ತಿದೀನಿ. ಅದನ್ನ ಮೊದಲು ಎತ್ಕೊಂಡಿದ್ದು ನೀನಂತೆ, ಮಗಳು ದಿನಾ ಹೇಳ್ತಾಳೆ. ಚಿಕ್ಕಮ್ಮ ಯಾಕೆ ಬರ್ತಿಲ್ಲ ಅಂತಾಳೆ. ಹುಷಾರಿಲ್ಲ ಅಂದಿದೀನಿ.

ಪೆನ್ನು ಇಲ್ಲಿದೆ, ತಗೋ. ಬೇಡ, ನಿಧಾನ. ಮೊದಲು ನೀನೊಂದು ಕೇಳ್ಬೇಕಲ್ಲ ನನ್ನ. ಆ ಐದು ಏಳನೇ ಮೇಜಿನವು ಅಂತ ಯಜಮಾನನಿಗೆ ಹೇಗೆ ಗೊತ್ತಾಯ್ತು ಅಂತ. ಗೋಳದ ಮೇಲೇನು ಹೆಸರು ಬರೆದಿರತ್ತಾ? ಮೂರನೇ ಮೇಜಿನವಳು ಇರಬೇಕು ಕಣೆ, ನಿನ್ನ ಕೆಲಸ ಕಂಡ್ರೆ ಅವಳಿಗೆ ಮೊದಲಿಂದ ಹೊಟ್ಟೆಕಿಚ್ಚು. ಇಲ್ಲಾಂದ್ರೆ ಡಬ್ಬಕ್ಕೆ ತುಂಬೋನು. ಅವನೇ ಇರಬಹುದು. ಅಥವಾ ಯಜಮಾನನೇ ಊಹೆ ಮಾಡಿ…

ಕೇಳೇ. ಯಾರು ಹೇಳಿದ್ದು ಅಂತ ಕೇಳು. ಮೂರು ಉತ್ತರ ತಯಾರು ಮಾಡ್ಕೊಂಡು ಬಂದಿದೀನಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೀನಿ. ಬಂದು ಇಷ್ಟು ಹೊತ್ತಾಯ್ತು, ನೀನು ಒಂದು ಸಲಾನೂ ಕೇಳ್ಲಿಲ್ಲ. ಕೆಲಸ ಕಳ್ಕೊಂಡೋರು ಯಾರೇ ಆದ್ರೂ ಮೊದಲು ಕೇಳೋದು ಅದನ್ನೇ…

ಯಾರ ಕೈಕೆಲಸ ಇದು ಅಂತ ಕೇಳಿದ ಕಣೆ. ನೀನು ಅಂಟು ಕಲಸೋಕೆ ಹೋಗಿದ್ದೆ, ಉಳಿದೋರೆಲ್ಲಾ ಸಾಲಾಗಿ ನಿಂತಿದ್ವಿ. ಅವನು ನನ್ನ ಕಡೆ ನೋಡಿದ, ಅಷ್ಟೇ, ಬರೀ ನೋಡಿದ. 'ಏಳನೇ ಮೇಜು' ಅಂದೆ. ನಿನ್ನ ಹೆಸರು ಹೇಳ್ಲಿಲ್ಲ, ಮೇಜು ಅಂದೆ. ನಾನೇ ಅಂದೆ.

ಹೇಳಿಬಿಟ್ಟೆ, ನೋಡು. ಬೈಯಿ. ಹೊಡಿ. ಏನಾದ್ರೂ ಮಾಡು… ನಿನ್ನ ಮುಖ ಒಂಚೂರೂ ಬದಲಾಗ್ಲಿಲ್ವಲ್ಲ.

ಗೊತ್ತಿತ್ತಾ?

ಗೊತ್ತಿದ್ದೂ ನಂಗೆ ಬಾಗಿಲು ತೆಗೆದ್ಯಾ?