ಇಪ್ಪತ್ಮೂರನೆಯ ಮಂಚ

ಇದನ್ನು ನನಗೆ ಮೊದಲು ಹೇಳಿದವನು ನನ್ನ ಷಡ್ಡಕ. ಆದದ್ದು ಅವನ ಸ್ವಂತ ಅಕ್ಕನಿಗೆ. ಆಕೆ ಸುಳ್ಳಾಡುವ ಹೆಂಗಸಲ್ಲ. ಹಾಲಿಗೆ ನೀರು ಬೆರೆಸಿದರೂ ಬೆರೆಸಿದ್ದೇನೆಂದು ಹೇಳಿಯೇ ಕೊಡುವವಳು. ದೇವರನ್ನು ನೆನೆದು, ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ.

ರಾತ್ರಿ ಹತ್ತು ದಾಟಿತ್ತು. ಆ ಅಕ್ಕ ಅಡುಗೆಮನೆಗೆ ಬೀಗ ಹಾಕಿ ಅಂಗಳದ ಬಾವಿಯ ಪಕ್ಕ ಹಾದು ಬರುತ್ತಿದ್ದಳು. ಬಾವಿಯ ಕಬ್ಬಿಣದ ಮುಚ್ಚಳದ ಕೆಳಗೆ ಸದ್ದಾಯಿತು. ಟೊಪ್... ಹನಿ ಬಿದ್ದ ಹಾಗೆ. ನಿಂತಳು. ಟೊಪ್... ಬಾವಿ ಬತ್ತಿ ಎಷ್ಟೋ ವರ್ಷವಾಗಿತ್ತು.

ಅದು ಹೆಣ್ಣುಮಕ್ಕಳನ್ನು ಕಾಲೇಜಿಗೆ ತಯಾರು ಮಾಡುವ ಖಾಸಗಿ ವಸತಿಶಾಲೆ. ಅಕ್ಕ ಅಲ್ಲಿ ರಾತ್ರಿ ಪಾಳಿಯ ಆಯಾ. ಎಲ್ಲರ ಬಾಯಲ್ಲೂ ಆಯಮ್ಮ. ಗಂಡ ತೀರಿಕೊಂಡಿದ್ದ. ಇದ್ದೊಬ್ಬ ಮಗಳು ಅಲ್ಲಿಯೇ ಓದುತ್ತಿದ್ದಳು. ತಾಯಿಯ ದುಡಿಮೆಗೆ ಮಗಳ ಫೀಸು ಮಾಫಿ.

ಆ ಶಾಲೆಯಲ್ಲೊಂದು ಪದ್ಧತಿ. ಮಲಗುವ ಹಾಲಿನ ಬಾಗಿಲ ಪಕ್ಕ ಒಂದು ಕರಿಹಲಗೆ. ಬೆಳಗಿನ ಜಾವ ಏಳಬೇಕಾದವಳು ತನ್ನ ಮಂಚದ ನಂಬರನ್ನೂ ಗಂಟೆಯನ್ನೂ ಅದರಲ್ಲಿ ಬರೆದು ಮಲಗಬೇಕು. ಆಯಮ್ಮ ಹೊತ್ತಿಗೆ ಸರಿಯಾಗಿ ಹೋಗಿ, ಬೀಗದಕೈ ಗೊಂಚಲಿನಿಂದ ಮಂಚದ ಕಾಲಿಗೆ ಬಡಿಯುವಳು. ಟಣ್... ಟಣ್. ಹುಡುಗಿ ಎರಡೂ ಪಾದ ನೆಲಕ್ಕೂರಿ 'ಎದ್ದೆ' ಅನ್ನಬೇಕು. ಅನ್ನುವ ತನಕ ನಂಬರು ಒರೆಸುವಂತಿಲ್ಲ.

ಹಿಂದೊಬ್ಬ ಆಯಾ ಒರೆಸಿದ್ದಳು. ನಿದ್ದೆಗಣ್ಣಿನಲ್ಲಿ ಹುಡುಗಿ 'ಹೂಂ' ಅಂದದ್ದನ್ನೇ ನಂಬಿ ಒರೆಸಿ ಹೋಗಿಬಿಟ್ಟಳು. ಅವತ್ತು ಪ್ರವೇಶ ಪರೀಕ್ಷೆ. ಹೊರಡುವ ವ್ಯಾನಿನ ಹಾರನ್ನು ಕೇಳಿ ಹುಡುಗಿ ಗಾಬರಿಯಿಂದೆದ್ದು ಕತ್ತಲಲ್ಲೇ ಅಂಗಳಕ್ಕೆ ಅಡ್ಡ ಓಡಿದಳು. ಆಗ ಬಾವಿಯಲ್ಲಿ ನೀರಿತ್ತು, ಮುಚ್ಚಳ ಇರಲಿಲ್ಲ.

ಆಮೇಲೆ ಮುಚ್ಚಳ ಬಂತು. ಅವಳ ಇಪ್ಪತ್ಮೂರನೆಯ ಮಂಚ ಹೊರಗೆ ಹೋಯಿತು. ಇಪ್ಪತ್ತೆರಡಾದ ಮೇಲೆ ಇಪ್ಪತ್ನಾಲ್ಕು. ನಡುವೆ ಖಾಲಿ ನೆಲ, ಮಂಚದ ಕಾಲೂರಿದ ನಾಲ್ಕು ಕಲೆ.

ಇಪ್ಪತ್ನಾಲ್ಕರಲ್ಲಿ ಮಲಗುವವಳು ಆಯಮ್ಮನ ಮಗಳು. ಬೆಳಗಾದರೆ ಅವಳ ಪ್ರವೇಶ ಪರೀಕ್ಷೆ, ಪಕ್ಕದ ಊರಿನಲ್ಲಿ. ಪರೀಕ್ಷೆ ಬರೆಯುವ ಉಳಿದವರು ಹಿಂದಿನ ದಿನವೇ ಅಪ್ಪಂದಿರ ಕಾರು ಹತ್ತಿ ಹೋಗಿದ್ದರು. ಇವಳಿಗೆ ನಾಲ್ಕೂವರೆಯ ತರಕಾರಿ ವ್ಯಾನೇ ಗತಿ. ಅದು ಯಾರಿಗೂ ಕಾಯುವುದಿಲ್ಲ. ತಪ್ಪಿತೋ, ಕಾಲೇಜು ತಪ್ಪಿತು. ಅಮ್ಮನ ಪೊರಕೆಯೇ ಮಗಳ ಕೈಗೂ.

"ಅಮ್ಮಾ, ಎಬ್ಬಿಸ್ತೀಯ ತಾನೇ?" ಮಗಳು ಹೊದಿಕೆಯೊಳಗಿಂದ ಪಿಸುಗುಟ್ಟಿದಳು.

"ಕಂಡವರ ಮಕ್ಕಳನ್ನೆಲ್ಲ ಎಬ್ಬಿಸೋಳು, ನಿನ್ನ ಬಿಡ್ತೀನಾ?"

"ಅವರಿಗೆಲ್ಲ ಬರೀ ಎರಡು ಟಣ್. ನನಗೆ ಜೊತೆಗೆ ಬೈಗುಳ."

"ಕುಂಭಕರ್ಣನ ತಂಗಿ ನೀನು, ಬರೀ ಟಣ್ ಸಾಕಾಗತ್ತಾ? ಮಲಕ್ಕೋ."

ಹೊರಗೆ ಬಂದು ಹಲಗೆ ನೋಡಿದಳು. ಮಗಳ ದುಂಡು ಅಕ್ಷರ: ೨೪, ನಾಲ್ಕು ಗಂಟೆ. ಅದರ ಮೇಲೆ ಇನ್ನೊಂದು ಸಾಲು, ಓರೆ ಅಕ್ಷರ. ೨೩, ನಾಲ್ಕು ಗಂಟೆ.

"ಹಾಳಾದವು... ಆಟಕ್ಕೂ ಒಂದು ಮಿತಿ ಬೇಡ್ವಾ?" ಎಂದು ಗೊಣಗಿ ಸೆರಗಿನಿಂದ ಒರೆಸಿಬಿಟ್ಟಳು. ಯಾರನ್ನೂ ಎಬ್ಬಿಸದೆ ಆಕೆ ನಂಬರು ಒರೆಸಿದ್ದು ಅದೇ ಮೊದಲು.

ನಾಲ್ಕು ಹೊಡೆಯಿತು. ಆಯಮ್ಮ ಹಲಗೆಯ ಮುಂದೆ ನಿಂತಳು... ಇಪ್ಪತ್ನಾಲ್ಕು ಇರಲಿಲ್ಲ. ಇಪ್ಪತ್ಮೂರು ಇತ್ತು.

ಒಳಗೆ ಓಡಿ ಮಗಳ ಮಂಚಕ್ಕೆ ಬಡಿದಳು. ಟಣ್... ಟಣ್. ಮಗಳು ಮಿಸುಕಲಿಲ್ಲ. ಭುಜ ಹಿಡಿದು ಅಲುಗಿಸಿದಳು. ಉಸಿರಿತ್ತು, ಮೈ ಮಾತ್ರ ನೆನೆದ ಗೋಣಿಚೀಲದಷ್ಟು ಭಾರ. ಬೈದಳು, ಕೆನ್ನೆ ತಟ್ಟಿದಳು, ಮತ್ತೆ ಬಡಿದಳು. ಟಣ್ ಟಣ್ ಟಣ್! ಅಷ್ಟು ಸದ್ದಿಗೂ ಹಾಲಿನಲ್ಲಿ ಒಬ್ಬಳಾದರೂ ಮಗ್ಗುಲು ಬದಲಿಸಲಿಲ್ಲ. ನಾಲ್ಕೂವರೆ ಹತ್ತಿರವಾಯಿತು, ಹೊರಗೆ ವ್ಯಾನು ಸ್ಟಾರ್ಟಾಯಿತು. ಗುರ್ರ್...

ಆಗ ಬೆನ್ನ ಹಿಂದೆ, ಖಾಲಿ ನೆಲದ ಮೇಲೆ... ಟೊಪ್. ಟೊಪ್.

"ಆಯಮ್ಮಾ..." ಪಿಸುಮಾತು. "ನನ್ನ ನಂಬರ್ ಯಾಕೆ ಒರೆಸಿದ್ರಿ?"

ತಿರುಗಲು ಕತ್ತು ಬರಲಿಲ್ಲ. ಮನಸ್ಸಿನಲ್ಲೇ ದೇವರನ್ನು ಕರೆದಳು. ಕಣ್ಣು ಮುಚ್ಚಿಕೊಂಡೇ ಮೊಣಕಾಲೂರಿ, ಕೈಯಾಡಿಸಿ ನೆಲದ ಕಲೆಯನ್ನು ಹುಡುಕಿದಳು. ಅದರ ಮೇಲೆ ಬೀಗದಕೈ ಬಡಿದಳು. ಟಕ್... ಟಕ್.

"ತಪ್ಪಾಯ್ತು ಮಗಾ. ಏಳು ತಾಯಿ, ನಾಲ್ಕು ಗಂಟೆ ಆಯ್ತು... ವ್ಯಾನು ಇನ್ನೂ ಹೋಗಿಲ್ಲ."

ಬೀಗದಕೈ ಹಿಡಿದೇ ಕಾದಳು.

ತಪ್... ಒದ್ದೆ ಪಾದ ಒಂದು ನೆಲಕ್ಕೆ ಬಂತು. ತಪ್... ಇನ್ನೊಂದು.

"ಎದ್ದೆ."

"ಅಮ್ಮಾ? ಗಂಟೆ ಎಷ್ಟು?" ಪಕ್ಕದ ಮಂಚದಲ್ಲಿ ಮಗಳು ದಡಕ್ಕನೆ ಎದ್ದು ಕೂತಿದ್ದಳು.

"ಕಾಲು ಕೆಳಗಿಡು. ಎದ್ದೆ ಅನ್ನು."

"ಎದ್ದಿದೀನಲ್ಲಾ, ಕಾಣಲ್ವಾ?"

"ಬಾಯಿ ಬಿಟ್ಟು ಅನ್ನೇ!"

"ಎದ್ದೆ."

ಮುಖ ತೊಳೆಯಲೂ ಬಿಡದೆ, ಮಣಿಕಟ್ಟು ಹಿಡಿದು, ಬಾವಿಯ ದಾರಿ ಬಿಟ್ಟು ಗೋಡೆಯ ಅಂಚಿನಲ್ಲೇ ಕರೆದೊಯ್ದು ವ್ಯಾನು ಹತ್ತಿಸಿದಳು. ಕೆಂಪು ದೀಪ ತಿರುವಿನಲ್ಲಿ ಮರೆಯಾಗುವ ತನಕ ನಿಂತು, ಹಲಗೆಯ ಹತ್ತಿರ ಬಂದಳು.

ಇಪ್ಪತ್ಮೂರು ಅಳಿಸಿತ್ತು. ಒದ್ದೆ ಅಂಗೈಯಿಂದ ಒರೆಸಿದ ಹಾಗೆ ಐದು ಬೆರಳಿನ ಗೀರು. ಕೆಳಗೆ ಇಪ್ಪತ್ನಾಲ್ಕು ಮತ್ತೆ ಬಂದಿತ್ತು. ಮಗಳ ದುಂಡು ಅಕ್ಷರದಲ್ಲಲ್ಲ... ಓರೆ ಅಕ್ಷರದಲ್ಲಿ.

ಮಗಳು 'ಎದ್ದೆ' ಅಂದಾಗಿತ್ತಲ್ಲ, ಆಯಮ್ಮ ಅದನ್ನು ಒರೆಸಿದಳು. ಸೆರಗು ಒದ್ದೆಯಾಯಿತು.

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಆಯಮ್ಮ ಇನ್ನೂ ಅಲ್ಲೇ ಇದ್ದಾಳೆ. ಪ್ರತಿ ವರ್ಷ ಪ್ರವೇಶ ಪರೀಕ್ಷೆಯ ದಿನ ನಾಲ್ಕು ಗಂಟೆಗೆ, ಮೊದಲು ಆ ಖಾಲಿ ನೆಲಕ್ಕೆ ಬಡಿಯುತ್ತಾಳೆ, ಆಮೇಲೆ ಉಳಿದವರ ಮಂಚಕ್ಕೆ. ನಂಬುವುದು ಬಿಡುವುದು ನಿಮ್ಮ ಮನಸ್ಸು. ನಡೆದದ್ದಂತೂ ನಡೆದದ್ದೇ, ಆ ಹಲಗೆ ಅದೇ ಬಾಗಿಲ ಪಕ್ಕ ಇವತ್ತಿಗೂ ಇದೆ.

ನಿಮ್ಮ ಪೈಕಿ ಯಾರಾದರೂ ಪರರ ಮಕ್ಕಳನ್ನು ಎಬ್ಬಿಸುವ ಕೆಲಸದಲ್ಲಿದ್ದರೆ ದಯಮಾಡಿ ಅವರ ಕಿವಿಗೆ ಇದನ್ನು ಹಾಕಿ. ಮಗು ಕಾಲೂರಿ, ಬಾಯಿ ಬಿಟ್ಟು, 'ಎದ್ದೆ' ಅನ್ನುವ ತನಕ ಒರೆಸಬಾರದು.