ಮುಖ ತೋರಿಸೋ ಕೆಲಸ

ಹಲೋ... ಹಾಂ, ಯಾರ್ರಿ ಮಾತಾಡೋದು? ಜೋರಾಗಿ ಹೇಳ್ರಿ, ಬಸ್ಸಿನ್ಯಾಗ ಇದೀನಿ...

ಓ, ಲಿಂಗರಾಜ್ ಸರಾ? ಗೇಟಿನ ಫೋನಿಂದ ಮಾಡೀರೇನು? ಗುರ್ತು ಸಿಗ್ಲಿಲ್ಲ ನೋಡ್ರಿ... ಹೌದ್ರಿ, ಅನ್ನಪೂರ್ಣಾನ...

ಎಲ್ಲಿದ್ದೀ ಅಂದ್ರ? ನಾ ಇಳಿಯೋ ವಡ್ಡು ಕ್ರಾಸ್ ಇನ್ನೂ ದೂರ ಐತಿ ಸರ್. ಮುಂದ ಬರೇ ಲಾರಿ. ಬಸ್ಸು ಅಳ್ಳಾಡವಲ್ದು. ಡ್ರೈವರ್ ಇಂಜಿನ್ ಆಫ್ ಮಾಡಿ ಚಾ ಕುಡ್ಯಾಕ ಹೋದ...

ಜಲ್ದಿ ಹೊರಡ್ಬೇಕಿತ್ತಾ? ಅಲ್ರೀ, ಕೋಳಿ ಕೂಗೋಕ ಮೊದ್ಲ ಎದ್ದು ಕಂಪ್ಲಿಯಾಗ ಮೊದಲ್ನೇ ಬಸ್ ಹಿಡ್ದೀನಿ. ಹೊಸಪೇಟಿಯಾಗ ಇಳ್ದು ಓಡಿ ಈ ಬಸ್ ಹತ್ತೀನಿ. ಇನ್ನೇನು, ಗೇಟಿನ ಮುಂದ ಮಲಗ್ಲೇನು?...

ಏನು? ಲಾರಿ ಸಾಲಾಗಿ ನಿಂತಾವಾ?... ಗೇಟ್ ಪಾಸು ಇಲ್ದ ಸೆಕ್ಯೂರಿಟಿಯವ್ರು ಒಳಗ ಬಿಡವಲ್ರಾ?... ಸಾಲು ಎಲ್ಲಿ ತನಕ ಐತಿ?... ಮೇನ್ ರೋಡಿನ ತನಕನಾ?

ಅಯ್ಯೋ ಸರ್! ನಮ್ಮ ಬಸ್ಸು ನಿಂತಿರೋದು ನಮ್ಮ ಕಂಪನಿ ಲಾರಿ ಹಿಂದನ! ಪಾಸು ಮಾಡಾಕಿ ನಾನು. ನಾ ಬರೋ ತನಕ ಲಾರಿ ಹೋಗಂಗಿಲ್ಲ, ಲಾರಿ ಹೋಗೋ ತನಕ ನಾ ಬರಂಗಿಲ್ಲ... ನಗಬ್ಯಾಡ್ರಿ ಸರ್, ನನಗ ಮೈ ಉರೀತೈತಿ...

ಲ್ಯಾಪ್‌ಟಾಪ್ ಎಲ್ಲೈತಿ ಅಂತ ನನ್ನ ಕೇಳ್ತೀರಲ್ಲ! ಆಫೀಸ್ ಬಿಟ್ಟು ಒಯ್ಯಂಗಿಲ್ಲ ಅಂತ ಕಂಪನಿ ಯಜಮಾನ್ರು ರೂಲ್ ಮಾಡಿದ್ರಲ್ಲ, ಮರ್ತ್ರಾ? ಹೆರಿಗಿ ಆದ ಮ್ಯಾಲ ಮನಿಯಿಂದನ ಮಾಡಿದ್ನಲ್ರಿ. ಆವಾಗ ಒಂದು ಲಾರಿನರ ನಿಂತಿತ್ತಾ? ಕೂಸು ಏಳೋದ್ರಾಗ ಎಲ್ಲಾ ಪಾಸು ಆಗಿರ್ತಿದ್ವು, ಅಲ್ವಾ? ಆದ್ರ ಯಜಮಾನ್ರಿಗೆ ಕುರ್ಚಿ ಮ್ಯಾಲ ಮಂದಿ ಕಾಣ್ಬೇಕು. ಪಾಸು ಮಾಡಾಕ ಇನ್ನೊಬ್ರಿಲ್ಲ, ಮುಖ ನೋಡಿ ಹಾಜರಿ ಹಾಕಾಕ ಮಿಷಿನ್ನು! ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ...

ಮೊನ್ನೆ ಕೂಸು ನಮ್ಮತ್ತೀನ ಅವ್ವ ಅಂತು ಸರ್. ಮೊದಲ್ನೇ ಮಾತು. ನಾ ಹೊತ್ತು ಮುಳುಗಿದ ಮ್ಯಾಲ ಮನಿಗೆ ಹೋಗಾಕಿ, ಎತ್ಕೊಳ್ಳಾಕ ಹೋದ್ರ ಅವ್ರ ಸೀರಿ ಹಿಡ್ಕೊಂಡು ಅಳ್ತೈತಿ. ನನಗ ಭಾಳ ಸಂಕಟ ಆಗ್ತೈತ್ರಿ... ಇಲ್ಲ, ಅಳಾಕತ್ತಿಲ್ಲ...

ಆತು, ಮೊದ್ಲು ಈ ಕೆಲಸ ಮುಗಸೋಣ. ಆ ಲ್ಯಾಪ್‌ಟಾಪ್ ಗೇಟಿಗೇ ತರಿಸ್ರಿ, ಆಫೀಸ್ ಹುಡುಗ ಮೌನೇಶನ್ನ ಕಳಸ್ರಿ...

ಹಾಂ, ಆನ್ ಆತಾ?... ತಡೀರಿ, ಓಟಿಪಿ ನನ್ನ ಫೋನಿಗೆ ಬಂತು, ಹೇಳ್ತೀನಿ, ಒತ್ರಿ... ಆತಾ? ಈಗ ಇವತ್ತಿನ ಲಾರಿ ನಂಬರೆಲ್ಲ ಕಾಣ್ತಾವು... ಅದಲ್ರಿ, ಅದರ ಕೆಳಗಿಂದು... ಹಾಂ, ಅದ. ಪ್ರಿಂಟ್ ಕೊಡ್ರಿ...

ಬಂತಾ? ಲಾರಿ ಬಿಟ್ರಾ?... ಹೌದ್ರಿ, ಇಲ್ಲೂ ಮುಂದಿನ ಲಾರಿ ಅಳ್ಳಾಡಾಕತ್ತೈತಿ! ನೋಡಿದ್ರಾ ಸರ್? ಬಸ್ಸಿನ್ಯಾಗ ಕುಂತು ಆಗೋ ಕೆಲಸ ಮನ್ಯಾಗ ಕುಂತ್ರ ಆಗಂಗಿಲ್ಲೇನು? ಇವತ್ತರ ಯಜಮಾನ್ರಿಗೆ ಹೇಳ್ರಿ. ವಾರದಾಗ ಎರಡು ಮೂರು ದಿನ ಮನಿಯಿಂದ ಕೊಟ್ರೂ ಸಾಕು, ನಾ ಕೆಲಸ ಬಿಡಂಗಿಲ್ಲ...

ಏನಂದ್ರಿ?... ಇನ್ನೊಮ್ಮೆ ಹೇಳ್ರಿ... ಟೈಮಿಗೆ ಮುಖ ತೋರಿಸಿಲ್ಲ ಅಂತ ನನಗ ಅರ್ಧ ದಿನ ರಜಾ ಬಿತ್ತಾ? ಮಿಷಿನ್ ತಾನ ಹಾಕ್ತೈತಾ?... ಹಂಗಾರ ಇಷ್ಟೊತ್ತು ನಾ ಮಾಡಿದ್ದು ಏನ್ರಿ?

ಆತು ಬಿಡ್ರಿ. ರಜಾ ಅಂದ್ರ ರಜಾ. ಎದುರಿಗೆ ಹೊಸಪೇಟಿ ಬಸ್ ಬರಾಕತ್ತೈತಿ, ನಾ ಇಳ್ದು ಕೂಸಿನ ಹತ್ರ ಹೋಗ್ತೀನಿ... ಮಧ್ಯಾಹ್ನದ ಪಾಸು ಇನ್ನೂ ಐತಾ? ಆ ಮಿಷಿನ್ನಿಗೇ ಹೇಳ್ರಿ ಸರ್, ಅದಕ್ಕ ಮುಖ ಅಷ್ಟ ಸಾಕಲ್ಲ, ಪಾಸೂ ಅದ ಮಾಡ್ಲಿ... ಕಂಡಕ್ಟರ್ರೇ, ಬಾಗ್ಲು ತಗೀರಿ!... ಹಲೋ? ಸರ್?... ಹಲೋ...