ಒಂದು ಮೊಳ ಮಣ್ಣು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು ಇದು. ಗಾರೆ ಕೆಲಸದವನು. ಕುಡಿತ ಗಿಡಿತ ಏನೂ ಇಲ್ಲ. ಕತ್ತಲಲ್ಲಿ ಯಾರಾದರೂ ಬೆಂಕಿಪೊಟ್ಟಣ ಕೇಳಿದರೂ ಬೆಚ್ಚಿಬೀಳುವ ಆಸಾಮಿ.

ಅವತ್ತು ರಾತ್ರಿ ಎರಡನೇ ಪಾಳಿ ಮುಗಿಸಿ, ಹಾರೆ ಹೆಗಲಿಗಿಟ್ಟು ಮನೆಗೆ ಹೊರಟಿದ್ದ. ಬಸ್ ಸ್ಟಾಪಿನ ಪಕ್ಕದ ಬಾದಾಮಿ ಮರ ಬಂತು. ಅದರ ಹತ್ತಿರ ಬಂದರೆ ತಲೆ ತಗ್ಗಿಸಿಬಿಡುತ್ತಿದ್ದ. ಹದಿನೈದು ದಿನದ ಹಿಂದೆ ಅದರ ಬುಡಕ್ಕೆ ಕಾಂಕ್ರೀಟ್ ಸುರಿದವನು ಅವನೇ. ಫುಟ್‌ಪಾತ್ ಕೆಲಸ. ಮರ ನೆಟ್ಟು ಬೆಳೆಸಿದ್ದ ಎದುರು ಮನೆಯ ಅಜ್ಜಿ ದಿನಾ ಅದಕ್ಕೆ ನೀರು ಹಾಕುವ ಹಿತ್ತಾಳೆ ತಂಬಿಗೆ ಹಿಡಿದು, ಕೋಲೂರಿಕೊಂಡು ಬಂದಿದ್ದಳು.

"ಬುಡದ ಸುತ್ತ ಒಂದು ಮೊಳ ಮಣ್ಣು ಬಿಡಪ್ಪಾ. ನೀರು ಇಳೀಬೇಕಲ್ಲ."

ಇವನು ಮೇಸ್ತ್ರಿಯ ಮುಖ ನೋಡಿದ. "ನಕ್ಷೆಯಲ್ಲಿಲ್ಲ, ಮುಚ್ಚು," ಅಂದ ಮೇಸ್ತ್ರಿ. ಮುಚ್ಚಿದ. ಅಜ್ಜಿ ಆ ವಾರವೇ ತೀರಿಕೊಂಡಳು.

ಈಗ ಮರದ ಬುಡದಲ್ಲಿ ಸದ್ದು... ಕರ್... ಕರ್... ಉಗುರಲ್ಲಿ ಸಿಮೆಂಟ್ ಕೆರೆದ ಹಾಗೆ.

ಬಗ್ಗಿ ನೋಡಿದ. ಅಜ್ಜಿ. ನೆಲಕ್ಕೆ ಕಿವಿಯಾನಿಸಿ ಕೂತಿದ್ದಳು.

"ಹಾರೆ ತಂದಿದ್ದೀಯಾ?" ಪಿಸುಗುಟ್ಟಿದಳು.

"ಹೂಂ."

"ಇಲ್ಲಿಗೆ ಹಾಕು."

ಓಡೋಣವೆಂದರೆ ಕಾಲು ಮಾತು ಕೇಳಲಿಲ್ಲ. ಕೈ ತಾನಾಗಿ ಎದ್ದಿತು. ಠಣ್... ಒಂದು ಚಕ್ಕೆಯೂ ಏಳಲಿಲ್ಲ. "ಈ ಕಡೆ," ಅಂದಳು. ಠಣ್... ತೋಳು ಜೋಮು ಹಿಡಿಯಿತು.

"ಆಗ್ತಾ ಇಲ್ಲಜ್ಜಿ."

"ಇನ್ನೊಂದು ಸಲ, ಮಗಾ."

ಹಾಲಿನ ವ್ಯಾನಿನ ಸದ್ದು ಕೇಳುವವರೆಗೂ ಹೀಗೇ. ಬೆಳಕು ಹರಿದಾಗ ನೋಡಿದರೆ ನೆಲದ ಮೇಲೆ ಒಂದು ಗೀರೂ ಇಲ್ಲ. ಇವನ ಅಂಗೈ ತುಂಬಾ ಬೊಬ್ಬೆ.

ಏಳು ರಾತ್ರಿ ಇದೇ. ದಾರಿ ಬದಲಿಸಿದ, ಕಾಲು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಬುಡದ ಕಾಂಕ್ರೀಟ್ ಒಡೆಸಿಬಿಡಿ ಅಂತ ಮೇಸ್ತ್ರಿಯ ಕೈಕಾಲು ಹಿಡಿದ. "ನಿದ್ದೆಗೆಟ್ಟು ತಲೆ ಕೆಟ್ಟಿದೆ ನಿಂಗೆ. ಎರಡು ದಿನ ಮಲ್ಕೋ ಹೋಗು," ಅಂದ ಅವನು. ಹಗಲಲ್ಲೇ ಒಡೆಯೋಣವೆಂದು ಸುತ್ತಿಗೆ ತಗೊಂಡು ಹೋದ. ಫುಟ್‌ಪಾತ್ ಕೆಲಸದ ಕಾವಲುಗಾರ ಸುತ್ತಿಗೆ ಕಿತ್ತುಕೊಂಡು, ಕತ್ತು ಹಿಡಿದು ಆಚೆ ತಳ್ಳಿದ. ಅಷ್ಟು ಹೊತ್ತಿಗೆ ಮರ ಎಲೆ ಉದುರಿಸತೊಡಗಿತ್ತು. ಅಗಲಗಲ ಎಲೆ... ಟಪ್... ಟಪ್... ರಾತ್ರಿ ಅಜ್ಜಿಯ ಬೆನ್ನ ಮೇಲೆ ಬೀಳುತ್ತಿದ್ದವು.

ಎಂಟನೇ ರಾತ್ರಿ ಅವಳು ಹಾರೆ ಕೇಳಲಿಲ್ಲ. ಇವನ ಅಂಗೈ ಬಿಡಿಸಿ ನೋಡಿದಳು.

"ಸಾಕು ಬಿಡಪ್ಪಾ. ಮನೆಗೆ ಹೋಗು."

ಆಮೇಲೆ ಕಾಣಲೇ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಮಾತು ತಡೆಯಲಾಗಲಿಲ್ಲ ಅವನಿಗೆ. ದಾರಿಯುದ್ದಕ್ಕೂ ಅತ್ತನಂತೆ.

ಎರಡು ತಿಂಗಳಿಗೆ ಮರ ಪೂರ್ತಿ ಒಣಗಿತು. ಕಡಿದು ಹಾಕಿದರು. ಬೊಡ್ಡೆ ಕೀಳಲು ಕಾಂಕ್ರೀಟ್ ಒಡೆಯಬೇಕಿತ್ತು. ಆ ಕೆಲಸವೂ ಇವನ ಪಾಲಿಗೇ ಬಂತು. ಹಗಲು ಹನ್ನೊಂದು ಗಂಟೆ. ನಾಲ್ಕೇ ಏಟಿಗೆ ಬಿರುಕು ಬಿಟ್ಟಿತು. ಕೆಳಗೆ ಮಣ್ಣು ಬೂದಿಯಂತಾಗಿತ್ತು. ಅದರೊಳಗೆ, ಬೇರಿಗೆ ಒರಗಿ, ಅಜ್ಜಿಯ ಹಿತ್ತಾಳೆ ತಂಬಿಗೆ ನೆಟ್ಟಗೆ ಕೂತಿತ್ತು... ಅಂಚಿನವರೆಗೆ ನೀರು.

ತಣ್ಣಗಿತ್ತು. ಮೇಸ್ತ್ರಿಯೂ ಬೆರಳದ್ದಿ ನೋಡಿದ. ಬೇಕಿದ್ದರೆ ಅವನನ್ನೇ ಕೇಳಿ.